ಇಲ್ಲ ಎನ್ನಲು ಬಾರದ ಪೊನಿಜೊ

ನಲವತ್ತನಾಲ್ಕು ವರ್ಷದ ಬದುಕಿನಲ್ಲಿ ಪೊನಿಜೊ ಯಾರಿಗೂ ‘ಇಲ್ಲ’ ಅಂದವನಲ್ಲ. ಇದೊಂದು ದೊಡ್ಡ ಗುಣವೆಂದು ಹೊಗಳುವವರು ಅವನ ಓಣಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರೂ ಅವನ ಜತೆ ಕೆಲಸ ಮಾಡಿದವರಲ್ಲ. ನಾನು ಮಾಡಿದ್ದೇನೆ, ಈಗಲೂ ಮಾಡುತ್ತಿದ್ದೇನೆ, ಹಾಗಾಗಿ ಹೊಗಳುವ ಕೆಲಸವನ್ನು ಅವರಿಗೇ ಬಿಟ್ಟಿದ್ದೇನೆ.

ಅವನಿಗೆ ಗೊತ್ತಿದ್ದ ಉತ್ತರ ಒಂದೇ: ‘ಇಂಗಿಹ್’. ಜಾವಾದ ಮರ್ಯಾದೆಯ ಮಾತಿನಲ್ಲಿ ಅದಕ್ಕೆ ‘ಹೌದು’ ಎಂದೇ ಅರ್ಥ. ಯಾವುದಕ್ಕೆ ಹೌದು ಎಂದು ಮಾತ್ರ ಕೇಳಬಾರದು. ನೀವು ಹೇಳಿದ್ದು ಕಿವಿಗೆ ಬಿತ್ತು, ಹೌದು. ನೀವು ದೊಡ್ಡವರು, ಹೌದು. ಹೇಳಿದ ಕೆಲಸ ಆಗುತ್ತದೆಯೆ? ಅದು ಬೇರೆ ವಿಚಾರ.

ನಾನು ಸುರಬಾಯದವಳು. ನಮ್ಮದು ಬಂದರಿನ ಊರು. ಅಲ್ಲಿ ಮೀನು ಹಳಸಿದ್ದರೆ ಹಳಸಿದೆ ಎಂದು ಮಾರುವವನ ಮುಖಕ್ಕೇ ಹೇಳುತ್ತೇವೆ, ನಮ್ಮ ಮುಖ ಹೇಗಿದೆ ಎಂದು ಅವನೂ ತಿರುಗಿ ಹೇಳುತ್ತಾನೆ, ಆಮೇಲೆ ಇಬ್ಬರೂ ನಗುತ್ತಾ ವ್ಯಾಪಾರ ಮುಗಿಸುತ್ತೇವೆ. ಮದುವೆಯಾಗಿ ಯೋಗ್ಯಕರ್ತಕ್ಕೆ ಬಂದೆ. ಹೆಸರಿನಲ್ಲೇ ಯೋಗ್ಯತೆ ಇಟ್ಟುಕೊಂಡ ಊರು. ಬಂದ ಹೊಸದರಲ್ಲಿ ಬಡಗಿಯೊಬ್ಬನಿಗೆ ನಾಳೆ ಬಂದು ಕಿಟಕಿ ಸರಿ ಮಾಡಿ ಎಂದೆ. “ಇಂಗಿಹ್” ಅಂದ. ಮರುದಿನ ಬೆಳಗಿನಿಂದ ಬಾಗಿಲಲ್ಲೇ ಕೂತು ಕಾದೆ. ಸಂಜೆ ಗಂಡ ಬಂದು ಕೇಳಿದರು, “ಹೇಗಂದ ಅವನು, ಗಿಡ್ಡಕ್ಕೋ ಉದ್ದಕ್ಕೋ?” ಉದ್ದಕ್ಕೆ ಎಳೆದು ಅಂದ ಹಾಗಿತ್ತು ಎಂದೆ. “ಮತ್ತೆ ಯಾಕೆ ಕಾದೆ? ಬರಲ್ಲ ಅಂತ ಹೇಳಿದ್ನಲ್ಲ.”

ಹೀಗೆ ಈ ಊರಿನ ವ್ಯಾಕರಣ ಕಲಿತೆ. ಗಿಡ್ಡ ಇಂಗಿಹ್ ಅಂದರೆ ಆಗುತ್ತದೆ. ಉದ್ದದ್ದು ಅಂದರೆ ಆಗುವುದಿಲ್ಲ, ಕ್ಷಮಿಸಿ, ಬಲವಂತ ಮಾಡಬೇಡಿ. ಎರಡಕ್ಕೂ ಇರುವ ಅಂತರ ಅರ್ಧ ಉಸಿರು. ಆ ಅರ್ಧ ಉಸಿರನ್ನು ಹಿಡಿಯಲು ನನ್ನ ಬಂದರಿನ ಕಿವಿಗೆ ಹತ್ತು ವರ್ಷ ಬೇಕಾಯಿತು.

ಪೊನಿಜೊ ಹುಟ್ಟಿದ್ದು ಗುನುಂಗ್ ಕಿದುಲ್ ಗುಡ್ಡಗಳ ಒಂದು ಹಳ್ಳಿಯಲ್ಲಿ, ಐದೇ ದಿನಗಳ ಜಾವಾದ ಸಂತೆ-ವಾರದಲ್ಲಿ ‘ಪೊನ್’ ಎನ್ನುವ ದಿನ. ಅದನ್ನೇ ಹೆಸರಾಗಿ ಇಟ್ಟರು. ಮುಂದೊಂದು ಹಿಂದೊಂದು ಬಾಲವಿಲ್ಲದ ಒಂಟಿ ಹೆಸರು. ಚಿಕ್ಕಂದಿನಲ್ಲಿ ಶಾಲೆಯ ಮೇಷ್ಟ್ರು “ಪಾಠ ಅರ್ಥ ಆಯ್ತಾ?” ಎಂದರೆ ಇಂಗಿಹ್ ಅನ್ನುತ್ತಿದ್ದನಂತೆ. ಹಾಗೇ ಅನ್ನುತ್ತ ಅನ್ನುತ್ತ ಕಾಲೇಜು ಮುಗಿಸಿದ, ಕಂಪ್ಯೂಟರು ಕಲಿತ, ನಮ್ಮ ಕಚೇರಿಗೆ ಬಂದ. ಕ್ಷೌರದವನು “ಮೀಸೆ ಇರಲಾ?” ಎಂದು ಕೇಳಿದಾಗ ಇಂಗಿಹ್ ಅಂದಿದ್ದಕ್ಕೆ ಅವನಿಗೆ ಮೀಸೆ ಬಂತು. ಅದು ಅವನಿಗೆ ಒಪ್ಪುವುದಿಲ್ಲ ಎಂದು ನಾನೇ ಹೇಳಿದ್ದೇನೆ. ಇಂಗಿಹ್ ಅಂದ.

ನಮ್ಮ ಕಚೇರಿಯೆಂದರೆ ಕ್ರಾಂಗನ್ ಸಂತೆಯ ಹಿಂದೆ ಬಾಡಿಗೆಗೆ ಹಿಡಿದ ಹಳೆಯ ಮನೆ. ಸಣ್ಣ ಸಣ್ಣ ಊಟದಂಗಡಿಗಳನ್ನು ನೇರಳೆ ಜಾಕೆಟ್ಟಿನ ಕಂಪನಿಗೆ ಜೋಡಿಸಿಕೊಡುವುದು ನಮ್ಮ ಕಸುಬು. ಜನ ಮನೆಯಲ್ಲಿ ಕೂತು ಫೋನಿನಲ್ಲಿ ಊಟ ಕೇಳುತ್ತಾರೆ, ನೇರಳೆ ಜಾಕೆಟ್ಟಿನವರು ಬೈಕಿನಲ್ಲಿ ಬಂದು ಅಂಗಡಿಯಿಂದ ಒಯ್ಯುತ್ತಾರೆ. ಆ ಕಂಪನಿಯ ಯಂತ್ರ ಹೊರಗಿನ ಪ್ರೋಗ್ರಾಮುಗಳ ಜತೆ ಮಾತಾಡಲು ಒಂದು ಕಿಂಡಿ ತೆರೆದಿಟ್ಟಿದೆ. ಎಪಿಐ ಎನ್ನುತ್ತಾರೆ ಅದಕ್ಕೆ. ಕಿಂಡಿಯ ಈಚೆ ಕೂತು ಮಾತಾಡುವ ಪ್ರೋಗ್ರಾಮು ಬರೆಯುವವನು ಪೊನಿಜೊ. ಅವನು ಬರೆದದ್ದನ್ನು ಪರೀಕ್ಷೆ ಮಾಡಿ ತಪ್ಪು ಹುಡುಕುವವಳು ನಾನು. ತಪ್ಪು ಹುಡುಕುವ ಕೆಲಸಕ್ಕೆ ಸುರಬಾಯದವಳೇ ಸರಿ ಎಂದು ಸೇರಿಸಿಕೊಂಡರಂತೆ.

ಕಿಂಡಿಯಲ್ಲಿ ಪ್ರಶ್ನೆ ಬರುತ್ತದೆ: ‘ಎರಡು ಊಟ, ಒಂದಕ್ಕೆ ಮೊಟ್ಟೆ, ಆಗುತ್ತದೆಯೆ?’ ನಮ್ಮ ಪ್ರೋಗ್ರಾಮು ಅಂಕಿಯಲ್ಲಿ ಉತ್ತರ ಕೊಡಬೇಕು. ಇನ್ನೂರು ಅಂದರೆ ಆಯಿತು. ನಾನೂರು ದಾಟಿದರೆ ಆಗುವುದಿಲ್ಲ ಎಂದು, ಯಾಕೆ ಆಗುವುದಿಲ್ಲ ಎನ್ನುವುದಕ್ಕೂ ಒಂದೊಂದು ಅಂಕಿ. ಇಲ್ಲ ಎನ್ನುವುದಕ್ಕೆ ಇಷ್ಟೊಂದು ಬಗೆ ಕಂಡುಹಿಡಿದ ಜನ ಯಾರೋ ನನ್ನೂರಿನ ಕಡೆಯವರೇ ಇರಬೇಕು ಅನಿಸಿತ್ತು ನನಗೆ.

ಪೊನಿಜೊ ಆ ನಿಯಮಗಳನ್ನೆಲ್ಲ ಓದಿದ್ದ. ನಮ್ಮಲ್ಲಿ ಅವನಷ್ಟು ಚೆನ್ನಾಗಿ ಓದಿದವರು ಇಲ್ಲ. ಓದಿ, ಅವುಗಳಲ್ಲಿ ಒರಟಾದದ್ದನ್ನೆಲ್ಲ ಬದಿಗಿಟ್ಟು ಪ್ರೋಗ್ರಾಮು ಬರೆದಿದ್ದ. ಊಟ ಇದ್ದರೆ ಇನ್ನೂರು. ಊಟ ಮುಗಿದಿದ್ದರೂ ಇನ್ನೂರು, ಜತೆಗೊಂದು ಸಾಲು: ‘ದಯವಿಟ್ಟು ಸ್ವಲ್ಪ ಕಾಯಿರಿ’. ಅಂಗಡಿ ಬಾಗಿಲು ಹಾಕಿದ್ದರೂ ಇನ್ನೂರು: ‘ತಮ್ಮ ಮಾತು ತಲುಪಿದೆ’.

“ಮಾಸ್,” ಎಂದೆ. ನಮ್ಮಲ್ಲಿ ಮಾಸ್ ಅಂದರೆ ಅಣ್ಣ. “ಅಂಗಡಿ ಸುಟ್ಟು ಬೂದಿ ಆಗಿದ್ರೂ ನಿಮ್ಮ ಪ್ರೋಗ್ರಾಮು ಆಯ್ತು ಅನ್ನುತ್ತಲ್ರೀ.”

“ಆಯ್ತು ಅಂದ್ರೆ, ಕೇಳಿಸ್ಕೊಂಡೆ ಅನ್ನೋ ಅರ್ಥದಲ್ಲಿ, ಬು.” ಬು ಎಂದರೆ ಅಮ್ಮ, ಮದುವೆಯಾದವಳನ್ನು ಹಾಗೇ ಕರೆಯಬೇಕು.

“ಆಚೆ ಕಡೆ ಇರೋದು ಯಂತ್ರ. ಇಲ್ಲ ಅಂದ್ರೆ ಅದೇನು ಮುಖ ಸಣ್ಣ ಮಾಡ್ಕೊಳ್ಳುತ್ತಾ?”

“ಯಂತ್ರದ ಹಿಂದೆ ಹಸಿದವರು ಒಬ್ರು ಇರ್ತಾರಲ್ಲ, ಬು. ಬೆಳಗ್ಗೆ ಬೆಳಗ್ಗೆನೇ ಅವರಿಗೆ ಇಲ್ಲ ಅನ್ನೋದು ಹೇಗೆ?”

“ನಾಳೆಯೊಳಗೆ ಸರಿ ಮಾಡಿ.”

“ಇಂಗಿಹ್,” ಅಂದ. ಉದ್ದದ್ದು. ನಾನೂ ಬಿಟ್ಟುಬಿಟ್ಟೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಿನವು ಹುರಿದನ್ನ, ನೂಡಲ್ಸು ಮಾಡುವಂಥವು. ಅಲ್ಲಿ ಮುಗಿಯುವುದು ಅಂತ ಇರಲಿಲ್ಲ. ಬಾಣಲೆ ಇಟ್ಟರೆ ಮತ್ತೆ ಆಗುತ್ತದೆ.

ಆದರೆ ವಾರ್ಸಿನಿಯ ಅಂಗಡಿ ಹಾಗಲ್ಲ. ಅದು ಗುದೆಗ್ ಅಂಗಡಿ. ಎಳೆ ಹಲಸನ್ನು ತಾಳೆಬೆಲ್ಲ, ತೆಂಗಿನಹಾಲಿನಲ್ಲಿ ಹಿಂದಿನ ದಿನದಿಂದ ಬೇಯಿಸಿಡಬೇಕು. ಮಡಕೆ ಖಾಲಿಯಾದರೆ ಆವತ್ತಿಗೆ ಆಟ ಮುಗಿಯಿತು. ಬೆಳಿಗ್ಗೆ ಆರಕ್ಕೆ ತೆರೆದರೆ ಎಂಟು, ಎಂಟೂವರೆಗೆಲ್ಲ ಮಡಕೆಯ ತಳ ಕಾಣುತ್ತದೆ.

ಯು ವಾರ್ಸಿನಿ ಎಂದೇ ಎಲ್ಲರೂ ಕರೆಯುವುದು. ಊಟ ಬಡಿಸುವ ಹೆಂಗಸು ಯಾರಿದ್ದರೂ ಯು, ಅಕ್ಕ. ಮೂವತ್ತೊಂಬತ್ತು ವರ್ಷ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಒಬ್ಬಳೇ ಮಗಳು ಸೆಮರಾಂಗಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಮೊದಲು ಸಂತೆಯ ಎದುರಿನ ಕಾಲುದಾರಿಯಲ್ಲಿ ಕೂರುತ್ತಿದ್ದಳು. ಅದನ್ನು ಅಗೆದು ಹೊಸದಾಗಿ ಕಲ್ಲು ಹಾಸಿದ ಮೇಲೆ ಓಣಿಯ ಒಳಗೆ, ನಮ್ಮ ಕಚೇರಿಯ ಪಕ್ಕಕ್ಕೆ ಬಂದಳು. ಅಲ್ಲಿ ನಡೆದು ಹೋಗುವವರ ಕಣ್ಣಿಗೆ ಅಂಗಡಿ ಬೀಳುವುದಿಲ್ಲ. ಫೋನಿನಲ್ಲಿ ಕೇಳುವವರಿಂದಲೇ ಅವಳ ಮಡಕೆ ಖಾಲಿಯಾಗಬೇಕು.

ಪೊನಿಜೊ ದಿನವೂ ಆರು ಗಂಟೆಗೆ ಅವಳ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಮೊದಲು ನಾನು ಗುದೆಗ್ ಮೇಲಿನ ಆಸೆ ಅಂದುಕೊಂಡೆ. ಒಂದು ದಿನ ಕಚೇರಿಯಲ್ಲಿ ಅವನೇ ಬಾಯಿಬಿಟ್ಟ.

“ಬು, ಯು ವಾರ್ಸಿನಿಯನ್ನ ಒಂದು ಮಾತು ಕೇಳ್ಬೇಕು ಅಂತಿದೀನಿ.”

“ಮದುವೆ ಮಾತಾ?”

ಅವನು ಮೀಸೆ ಒರೆಸಿಕೊಂಡ.

“ಕೇಳಿ ಮತ್ತೆ. ಇಬ್ರಿಗೂ ಮೊಮ್ಮಕ್ಕಳಾಗೋ ವಯಸ್ಸು, ಇನ್ನೇನು ಮುಹೂರ್ತ ನೋಡ್ತೀರಾ?”

“ಕೇಳಿದ್ರೆ ಅವರು ಇಂಗಿಹ್ ಅಂತಾರೆ.”

“ಒಳ್ಳೇದೇ ಆಯ್ತಲ್ಲ.”

“ಯಾವ ಇಂಗಿಹ್, ಬು? ಅವರೂ ನನ್ನ ಹಾಗೇ. ಯಾರಿಗೂ ಇಲ್ಲ ಅಂದವರಲ್ಲ. ನನ್ನ ಮನಸ್ಸು ನೋಯಿಸಬಾರದು ಅಂತ ಇಂಗಿಹ್ ಅಂದು, ಆಮೇಲೆ ಇಷ್ಟ ಇಲ್ದೇ ನನ್ನ ಜತೆ ಇಡೀ ಜೀವನ ಕಳೆದುಬಿಟ್ರೆ?”

“ಗಿಡ್ಡವೋ ಉದ್ದವೋ ನೋಡ್ಕೊಳ್ಳಿ.”

“ಬೇರೆಯವರು ಅಂದ್ರೆ ಗೊತ್ತಾಗುತ್ತೆ. ಅವರು ಅಂದಾಗ ನನ್ನ ಕಿವಿಯಲ್ಲಿ ಏನೋ ಗುಂಯ್ ಅನ್ನುತ್ತೆ.”

ನನಗೆ ನಗು ಬಂತು, ಅಷ್ಟೇ ಮರುಕವೂ ಆಯಿತು. ಅವನಿಗೆ ಬೇಕಾಗಿದ್ದದ್ದು ಹೌದು ಅಲ್ಲ. ನಂಬಬಹುದಾದ ಒಂದು ಉತ್ತರ. ಅದು ಈ ಊರಿನಲ್ಲಿ ಬೆಳೆಯುವ ಬೆಳೆಯಲ್ಲ.

ಹೀಗಿರುವಾಗ ಈದ್ ಹಬ್ಬದ ಮರುವಾರ ಬಂತು. ಜಕಾರ್ತದಿಂದ ಊರಿಗೆ ಬಂದವರೆಲ್ಲ ಬೆಳಗಾದರೆ ಗುದೆಗ್ ಕೇಳುವ ವಾರ. ಆ ದಿನ ಏಳೂವರೆಗೇ ವಾರ್ಸಿನಿಯ ಮಡಕೆ ಮುಗಿಯಿತು. ಕಿಂಡಿಯಲ್ಲಿ ಪ್ರಶ್ನೆಗಳು ಬರುತ್ತಲೇ ಇದ್ದವು. ಪೊನಿಜೊನ ಪ್ರೋಗ್ರಾಮು ಪ್ರತಿಯೊಬ್ಬರಿಗೂ ಆಯಿತು, ದಯವಿಟ್ಟು ಸ್ವಲ್ಪ ಕಾಯಿರಿ ಎನ್ನುತ್ತಲೇ ಇತ್ತು. ನೇರಳೆ ಜಾಕೆಟ್ಟಿನವರು ಒಬ್ಬೊಬ್ಬರಾಗಿ ಓಣಿಗೆ ಬಂದು ಬೈಕು ನಿಲ್ಲಿಸಿದರು. ಓಣಿ ನೇರಳೆ ಮರದಡಿಯ ನೆಲದ ಹಾಗಾಯಿತು.

ವಾರ್ಸಿನಿ ಅವರಿಗೆಲ್ಲ ಮುಗಿಯಿತು ಅನ್ನಬೇಕಿತ್ತು. “ಇಂಗಿಹ್, ಸ್ವಲ್ಪ ಕೂತ್ಕೊಳ್ಳಿ,” ಅಂದಳು. ಕೂತವರಿಗೆ ಚಹಾ ಕೊಟ್ಟಳು. ಚಹಾ ಕೊಟ್ಟ ಮೇಲೆ ಸುಮ್ಮನಿರಲಾಗದೆ ಹೊಸದಾಗಿ ಹಲಸು ಹೆಚ್ಚಲು ಕೂತಳು. ಅದು ಬೇಯುವುದು ಮಾರನೆ ದಿನಕ್ಕೆ. ಪೊನಿಜೊ ಬೆಂಚಿನ ತುದಿಯಿಂದ ಎದ್ದು ಒಬ್ಬೊಬ್ಬರ ಹತ್ತಿರವೂ ಹೋಗಿ ಬಗ್ಗಿ ಕ್ಷಮೆ ಕೇಳುತ್ತಿದ್ದ, ಇಲ್ಲ ಎಂದು ಅವನೂ ಹೇಳಲಿಲ್ಲ.

ಕೊನೆಗೆ ಜಾಕೆಟ್ಟಿನವನೊಬ್ಬ ಎದ್ದುನಿಂತ. “ಯು, ಒಂದು ಮಾತು ಕೇಳ್ಲಾ? ನಾವು ಕಾಯ್ತಿರೋದು ಗುದೆಗ್‌ಗಾ, ಇಲ್ಲಾ ಹಲಸಿನ ಮರ ಬೆಳೆಯೋದಕ್ಕಾ?”

ಎಲ್ಲರೂ ನಕ್ಕರು, ಬೈಕು ಹತ್ತಿದರು, ಹೋಗಿ ಕಂಪನಿಗೆ ದೂರು ಕೊಟ್ಟರು. ಮನೆಯಲ್ಲಿ ಹಸಿದು ಕೂತಿದ್ದವರೂ ದೂರು ಕೊಟ್ಟರು. ಸಂಜೆಗೆ ಕಂಪನಿಯಿಂದ ಎಚ್ಚರಿಕೆ ಬಂತು: ಊಟ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ವಾರದೊಳಗೆ ಸರಿಯಾಗಿ ಉತ್ತರಿಸಲು ಕಲಿಯದಿದ್ದರೆ ಈ ಅಂಗಡಿಯನ್ನು ತೆಗೆದುಹಾಕುತ್ತೇವೆ. ಆ ಯಂತ್ರಕ್ಕೆ ಉದ್ದವೂ ಗೊತ್ತಿಲ್ಲ, ಗಿಡ್ಡವೂ ಗೊತ್ತಿಲ್ಲ. ಇನ್ನೂರು ಅಂದರೆ ಇನ್ನೂರು ಎಂದು ನಂಬುವ ಬಡಪಾಯಿ ಅದು, ಬಂದ ಹೊಸದರಲ್ಲಿ ನಾನಿದ್ದ ಹಾಗೆ.

ವಿಷಯ ತಿಳಿಸಲು ನಾನೇ ಹೋದೆ. ವಾರ್ಸಿನಿ ಮಡಕೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. “ತೆಗೆದುಹಾಕಿದ್ರೆ ಈ ಓಣಿಗೆ ಯಾರು ಬರ್ತಾರೆ, ಬು? ಬೆಕ್ಕು ಬರುತ್ತೆ,” ಅಂದಳು. ನಗಲು ನೋಡಿದಳು, ಆಗಲಿಲ್ಲ.

ಕಚೇರಿಗೆ ವಾಪಸು ಬಂದು ಪೊನಿಜೊನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. “ಬರೀರಿ. ಇಲ್ಲ ಅಂತ ಬರೀರಿ. ನಿಮ್ಮ ಮರ್ಯಾದೆಗೆ ಅವರ ಅಂಗಡಿ ಹೋಗ್ತಿದೆ.”

ಆ ಮಾತು ಅವನಿಗೆ ತಾಗಿತು. ಬರೆದ. ಮೂರು ದಿನ ಬರೆದ. ಅಷ್ಟೊಂದು ಕಷ್ಟದ ಕೆಲಸವೇನೂ ಅಲ್ಲ ಅದು, ಕೈ ಬರಬೇಕಲ್ಲ. ವಾರ್ಸಿನಿಯ ಫೋನಿನಲ್ಲಿ ಒಂದು ದೊಡ್ಡ ಕೆಂಪು ಗುಂಡಿ ಬಂತು. ಅದರ ಮೇಲೆ ‘ತೆಲಾಸ್’ ಎಂದು ಬರೆದಿದ್ದ. ಮುಗಿಯಿತು ಅನ್ನುವುದಕ್ಕೆ ಇಂಗಿಹ್‌ನಷ್ಟೇ ಮರ್ಯಾದೆಯ ಮಾತು. ಅದನ್ನು ಒತ್ತಿದರೆ ಪ್ರೋಗ್ರಾಮು ಕಿಂಡಿಯಲ್ಲಿ ಇಲ್ಲ ಎಂಬ ಅಂಕಿ ಹೇಳುತ್ತದೆ.

ಅದರ ಕೆಳಗೆ ಕಂಪನಿಯವರು ಇನ್ನೊಂದು ಖಾಲಿ ಜಾಗ ಇಟ್ಟಿದ್ದರು: ‘ಮತ್ತೆ ಯಾವಾಗ ಕೇಳಲಿ?’ ನಿಯಮ ಸರಳವಾಗಿತ್ತು. ಅಲ್ಲಿ ಹೊತ್ತು ಬರೆದರೆ ಯಂತ್ರ ಆ ಹೊತ್ತಿಗೆ ಸರಿಯಾಗಿ ಮತ್ತೆ ಬಂದು ಕೇಳುತ್ತದೆ. ಖಾಲಿ ಬಿಟ್ಟರೆ, ನೀವಾಗಿ ಕರೆಯುವ ತನಕ ಬರುವುದಿಲ್ಲ. ಪೊನಿಜೊ ಅಲ್ಲೊಂದು ಸಾಲು ಕೂರಿಸಿದ, ಗುಂಡಿ ಒತ್ತಿದಾಗ ವಾರ್ಸಿನಿಯ ಫೋನಿನಲ್ಲೂ ಕಾಣುವ ಹಾಗೆ: ‘ನಾಳೆ ಬೆಳಿಗ್ಗೆ ಆರಕ್ಕೆ ದಯವಿಟ್ಟು ಬನ್ನಿ’.

“ಅದನ್ನ ಖಾಲಿ ಬಿಡಿ,” ಎಂದೆ. “ಇಲ್ಲ ಅಂದ್ರೆ ಇಲ್ಲ. ಅದಕ್ಕೆ ಬಾಲ ಯಾಕೆ? ಅವರೇ ಬೆಳಿಗ್ಗೆ ಅಂಗಡಿ ತೆಗೆದಾಗ ಯಂತ್ರವನ್ನ ಕರೀಲಿ.”

“ಇಂಗಿಹ್,” ಎಂದ. ಉದ್ದದ್ದು. ಸಾಲು ಅಲ್ಲೇ ಉಳಿಯಿತು.

ಗುಂಡಿ ಒತ್ತುವುದನ್ನು ವಾರ್ಸಿನಿಗೆ ಕಲಿಸಲು ಇಬ್ಬರೂ ಹೋದೆವು. ಅದನ್ನು ನೋಡಬೇಕಿತ್ತು ನೀವು. ಈಜು ಬಾರದವನು ಈಜು ಕಲಿಸುತ್ತಿದ್ದ.

“ಯು, ಮಡಕೆ ಮುಗೀತು ಅಂದ್ಕೊಳ್ಳಿ. ಇದನ್ನ ಒತ್ತಿ.”

ಅವಳು ಬೆರಳನ್ನು ಉಟ್ಟ ಬಟ್ಟೆಗೆ ಒರೆಸಿ ಗುಂಡಿಯ ಹತ್ತಿರ ತಂದಳು. “ಕ್ಷಮಿಸಿ,” ಎಂದಳು ಫೋನಿಗೆ. ಒತ್ತಲಿಲ್ಲ.

“ಇಲ್ಲ ಅನ್ನೋದು ಪಾಪ ಅಲ್ಲ, ಯು.”

“ನೀವು ಒಂದ್ಸಲ ಹೇಳಿ, ಮಾಸ್. ನಾನು ನೋಡಿ ಕಲೀತೀನಿ.”

ಪೊನಿಜೊ ಬಾಯಿ ತೆರೆದ, ಮುಚ್ಚಿದ, ನನ್ನ ಕಡೆ ನೋಡಿದ. ನನಗೆ ತಾಳ್ಮೆ ಮುಗಿಯಿತು. “ಯು, ಇಲ್ನೋಡಿ,” ಎಂದು ಹತ್ತಿರ ಕೂತೆ. “ನಾನು ಬಂದು ನಿಮ್ಮ ಈ ಮಡಕೆನ ಸುಮ್ನೆ ಕೊಡಿ ಅಂತೀನಿ. ಏನಂತೀರಿ?”

“ಇಂಗಿಹ್.”

“ಆಯ್ತು, ತಗೊಂಡು ಹೋಗ್ತೀನಿ.” ಮಡಕೆ ಎತ್ತಿಕೊಂಡು ನಡೆದೇಬಿಟ್ಟೆ. ಓಣಿಯ ತಿರುವಿನ ತನಕ ಹೋದೆ. ಹಿಂದೆ ಸದ್ದಿಲ್ಲ. ಹಿಂತಿರುಗಿ ನೋಡಿದರೆ ಇಬ್ಬರೂ ಬೆಂಚಿನ ಮೇಲೆ ಕೈ ಕಟ್ಟಿ ಕೂತು, ನಾನಾಗಿಯೇ ನಾಚಿ ತಂದುಕೊಡಲಿ ಎಂದು ಕಾಯುತ್ತಿದ್ದರು. ಆ ಮಡಕೆ ಅವಳ ಅತ್ತೆಯ ಕಾಲದ್ದು. ನಾನು ತಿರುವು ದಾಟಿ ಕಣ್ಮರೆಯಾದಾಗ, ಓಣಿಯಲ್ಲಿ ಯಾರೂ ಎಂದೂ ಕೇಳದ ದನಿಯೊಂದು ಕೇಳಿತು: “ಇಲ್ಲ, ಬು. ಕೊಡಲ್ಲ.”

ಮಡಕೆ ವಾಪಸು ತಂದಿಟ್ಟೆ. ಅವಳು ಕೆಂಪು ಗುಂಡಿ ಒತ್ತಿದಳು.

ಅಂಗಡಿ ಉಳಿಯಿತು. ಅಷ್ಟೇ ಆಗಿದ್ದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಇಲ್ಲ ಅನ್ನುವುದು ಮೆಣಸಿನಕಾಯಿಯ ಹಾಗೆ, ಒಮ್ಮೆ ನಾಲಿಗೆಗೆ ಹತ್ತಿದರೆ ಊಟ ಸಪ್ಪೆ ಅನಿಸುತ್ತದೆ. ವಾರ್ಸಿನಿಯ ಅಂಗಳದಲ್ಲಿ ಹಾಳು ಬೈಕು ತಂದು ನಿಲ್ಲಿಸಿಕೊಂಡಿದ್ದ ಮೈದುನನಿಗೆ ಅದನ್ನು ಒಯ್ಯಲು ಹೇಳಿದಳು. ಓಣಿಯ ಹೆಂಗಸರ ಕೂಟಕ್ಕೆ ಪ್ರತಿ ಸಲವೂ ಬಿಟ್ಟಿ ತಿಂಡಿ ಕಳಿಸುತ್ತಿದ್ದವಳು ಈ ಸಲ ನಿಮ್ಮ ಸರದಿ ಅಂದಳು. ಎಲ್ಲದಕ್ಕೂ ಅದೇ ಮಾತು, ಮೆಲ್ಲಗೆ, ತಲೆ ಬಗ್ಗಿಸಿ: “ತೆಲಾಸ್.” ಓಣಿಯವರು ಅವಳಿಗೆ ಏನೋ ಗಾಳಿ ಸೋಕಿದೆ ಅಂದರು. ಆ ಗಾಳಿ ಸುರಬಾಯದ ಕಡೆಯಿಂದ ಬೀಸಿದ್ದು ಎಂದೂ ಅಂದರು.

ಪೊನಿಜೊ ಮಾತ್ರ ಕಣ್ಣಲ್ಲೇ ನಗುತ್ತಿದ್ದ. “ಈಗ ಕೇಳಬಹುದು, ಬು,” ಅಂದ. “ಈಗ ಅವರಿಗೆ ಇಲ್ಲ ಅನ್ನೋಕೆ ಬರುತ್ತೆ. ಇನ್ನು ಅವರು ಹೌದು ಅಂದ್ರೆ ಅದು ಹೌದೇ.”

ಅವನ ತರ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ತಪ್ಪು ಹುಡುಕುವುದೇ ನನ್ನ ಕೆಲಸವಾದರೂ.

ಒಂದು ಮಂಗಳವಾರ ಅವನು ಕಚೇರಿಗೆ ಶುಕ್ರವಾರ ಮಾತ್ರ ಹಾಕುವ ಬಾತಿಕ್ ಅಂಗಿ ಹಾಕಿಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಅಂಗಡಿ ಮುಚ್ಚುವ ಹೊತ್ತಿಗೆ ಹೋದ. ಅರ್ಧ ಗಂಟೆಯ ಮೇಲೆ ಕಚೇರಿಗೆ ಬಂದು ಕುರ್ಚಿಯಲ್ಲಿ ಕೂತ. ಕಂಪ್ಯೂಟರು ತೆರೆಯಲಿಲ್ಲ.

“ಕೇಳಿದ್ರಾ?”

“ಕೇಳಿದೆ. ಯು ಅನ್ಲಿಲ್ಲ. ದಿಕ್ ಅಂದೆ.” ದಿಕ್ ಎಂದರೆ ತಂಗಿ, ಆದರೆ ನಮ್ಮಲ್ಲಿ ಗಂಡ ಹೆಂಡತಿಯನ್ನು ಕರೆಯುವುದೂ ಹಾಗೆಯೇ. ಆ ಒಂದು ಮಾತಿಗೇ ಅರ್ಧ ಮದುವೆ ಮುಗಿದ ಹಾಗೆ. “ದಿಕ್, ಈ ವಯಸ್ಸಿನಲ್ಲಿ ಇಬ್ರೂ ಬೇರೆ ಬೇರೆ ಒಲೆ ಹಚ್ಚೋದು ಯಾಕೆ ಅಂದೆ.”

“ಅವರೇನಂದ್ರು?”

“ಮಡಕೆ ಒರೆಸ್ತಿದ್ರು. ತುಂಬಾ ಹೊತ್ತು ಒರೆಸಿದ್ರು. ಆಮೇಲೆ...” ಅವನು ಬೆರಳಿಂದ ಮೇಜು ಒರೆಸತೊಡಗಿದ. “ತೆಲಾಸ್, ಮಾಸ್. ನಾಳೆ ಬೆಳಿಗ್ಗೆ ಆರಕ್ಕೆ ದಯವಿಟ್ಟು ಬನ್ನಿ. ಹಾಗಂದ್ರು.”

ಮಾಡಿದ್ದುಣ್ಣೋ ಮಹಾರಾಯ. ಅವನೇ ಬರೆದ ಗುಂಡಿ, ಅವನೇ ಕೂರಿಸಿದ ಸಾಲು, ಅಕ್ಷರವೂ ಹೆಚ್ಚುಕಮ್ಮಿಯಿಲ್ಲದೆ ಅವನ ತಲೆಯ ಮೇಲೇ ಬಂದು ಬಿದ್ದಿತ್ತು. ನಗಬೇಕೆಂದಿದ್ದೆ. ಅವನ ಮುಖ ನೋಡಿ ಆಗಲಿಲ್ಲ.

“ಇಲ್ಲ ಅಂದಿದ್ದಾರೆ, ಮಾಸ್,” ಎಂದೆ. “ತೆಲಾಸ್ ಅಂದ್ರೆ ಮುಗೀತು.”

“ಆದ್ರೆ ಬನ್ನಿ ಅಂದಿದ್ದಾರೆ.”

“ಅದು ನೀವು ಕೂರಿಸಿದ ಸಾಲು. ಎಲ್ಲರಿಗೂ ಅದೇ ಹೋಗುತ್ತೆ.”

“ಇಂಗಿಹ್,” ಎಂದ. ಮಾರನೆ ಬೆಳಿಗ್ಗೆ ಆರಕ್ಕೆ ಬೆಂಚಿನ ತುದಿಯಲ್ಲಿದ್ದ.

ಅದರ ಮಾರನೆಯ ದಿನವೂ ಇದ್ದ. ಮತ್ತೆ ಕೇಳಲಿಲ್ಲ; ಬಂದ, ಉಂಡ, ಎಲೆ ಮಡಿಸಿದ, ಹೋದ. ಕಂಪನಿಯ ಯಂತ್ರವೂ ಆರಕ್ಕೆ ಸರಿಯಾಗಿ ಕಿಂಡಿ ಬಡಿಯುತ್ತಿತ್ತು. ಇಬ್ಬರೂ ಹೇಳಿದ ಮಾತು ನಂಬಿ ಬರುವವರು. ಹೀಗೆ ಎರಡು ತಿಂಗಳಾಯಿತು. ವಾರ್ಸಿನಿ ಎಂದಿನಂತೆ ಬಡಿಸುತ್ತಿದ್ದಳು, ಎಂದಿನಂತೆ ಮಾಸ್ ಅನ್ನುತ್ತಿದ್ದಳು. ಅವಳ ಮುಖ ನೋಡಿ ಏನೂ ತಿಳಿಯುತ್ತಿರಲಿಲ್ಲ. ಈ ಊರಿನ ಮುಖಗಳೇ ಹಾಗೆ, ಮುಚ್ಚಳ ಹಾಕಿದ ಪಾತ್ರೆಗಳು.

ಒಂದು ದಿನ ನಾನು ಊಟ ಕಟ್ಟಿಸಿಕೊಳ್ಳಲು ಹೋದಾಗ ಅವಳೇ ಮಾತು ತೆಗೆದಳು. “ಬು, ಆ ಎರಡನೇ ಸಾಲು ತೆಗೆಸಿಬಿಡಿ.”

“ಯಾವ ಸಾಲು?”

“ನಾಳೆ ಬೆಳಿಗ್ಗೆ ಬನ್ನಿ ಅನ್ನೋದು. ಮಾಸ್ ಪೊನಿಜೊಗೆ ಹೇಳಿ ತೆಗೆಸಿ. ಇಲ್ಲ ಅಂತ ಅಷ್ಟೇ ಇರಲಿ.”

ಎರಡು ತಿಂಗಳಿಂದ ನಾನೇ ಅವನಿಗೆ ಹೇಳುತ್ತಿದ್ದ ಮಾತು ಅದು. ಅವಳ ಬಾಯಲ್ಲಿ ಕೇಳಿದಾಗ ಮಾತ್ರ ತುಂಬಾ ಕೆಟ್ಟದಾಗಿ ಕೇಳಿಸಿತು. ಬಾಗಿಲು ಹಾಕುವುದಿದ್ದರೆ ಹಾಕಲಿ, ಅದನ್ನು ಅವನ ಕೈಯಿಂದಲೇ ಹಾಕಿಸಬೇಕೆ?

ಹೇಳಲೇಬೇಕಿತ್ತು, ಹೇಳಿದೆ. ಪೊನಿಜೊ ಕಂಪ್ಯೂಟರಿನಲ್ಲಿ ಆ ಸಾಲು ತೆರೆದ. ಅದನ್ನು ನೋಡುತ್ತ ಕೂತ. ಕಿಟಕಿಯಾಚೆ ಸಂತೆಯ ತೆಂಗಿನಕಾಯಿ ತುರಿಯುವ ಯಂತ್ರದ ಸದ್ದು ಶುರುವಾಗಿ, ನಿಂತಿತು.

“ಇಂಗಿಹ್,” ಎಂದ.

ಅಷ್ಟು ಉದ್ದದ ಇಂಗಿಹ್ ನಾನು ಈ ಊರಿನಲ್ಲಿ ಕೇಳಿಲ್ಲ. ಸಾಲನ್ನು ಅಳಿಸದೆ ಕಂಪ್ಯೂಟರು ಮುಚ್ಚಿ ಮನೆಗೆ ಹೋದ. ಯಾರಿಗೂ ಇಲ್ಲ ಅನ್ನದವನು ಜೀವನದಲ್ಲಿ ಅಂದ ಅತಿ ದೊಡ್ಡ ಇಲ್ಲ ಅದು.

ಮಾರನೆ ಬೆಳಿಗ್ಗೆ ಆರಕ್ಕೆ ಬೆಂಚಿನ ತುದಿ ಖಾಲಿ ಇತ್ತು. ನಾನು ಕಚೇರಿಗೆ ಬೇಗ ಬಂದವಳು ಅದನ್ನು ನೋಡಿ ಅಂಗಡಿಯಲ್ಲೇ ಕೂತೆ. ವಾರ್ಸಿನಿ ಬಡಿಸುತ್ತ ಬಡಿಸುತ್ತ ಓಣಿಯ ತಿರುವು ನೋಡುತ್ತಿದ್ದಳು. ಏಳಾಯಿತು, ಎಂಟಾಯಿತು. ಮಡಕೆಯ ತಳ ಕಂಡಿತು. ಕೆಂಪು ಗುಂಡಿ ಒತ್ತಿದಳು.

“ತೆಗೆದ್ರಾ ಅವರು, ಆ ಸಾ‌ಲನ್ನ?” ಎಂದಳು, ಮಡಕೆಯ ಕಡೆ ನೋಡುತ್ತ.

“ಇಂಗಿಹ್ ಅಂದ್ರು.”

“ಯಾವ ಇಂಗಿಹ್?”

“ಉದ್ದದ್ದು.”

ಅವಳ ಭುಜಗಳು ಸಡಿಲವಾದದ್ದು ಕಣ್ಣಿಗೆ ಕಂಡಿತು. ಒಂದು ಬಾಳೆಲೆ ತೆಗೆದು ಒರೆಸಿದಳು. ಪಾತ್ರೆಯ ಮುಚ್ಚಳದಡಿ ಒಂದಿಷ್ಟು ಗುದೆಗ್, ಒಂದು ಕಂದು ಮೊಟ್ಟೆ ಇತ್ತು.

“ಮುಗೀತು ಅಂತ ಒತ್ತಿದ್ರಲ್ಲ, ಯು. ಇದೇನು?”

“ಅದು ಮಾರೋದಲ್ಲ, ಬು.”

“ಮತ್ತೆ ಆ ಸಾಲು ತೆಗೆಸಿ ಅಂದದ್ದು ಯಾಕೆ?” ನನಗೆ ಸಿಟ್ಟೇ ಬಂತು. “ಅವರು ರಾತ್ರಿ ಉಂಡರೋ ಇಲ್ವೋ ಗೊತ್ತಾ ನಿಮಗೆ?”

ಅವಳು ಮೊಟ್ಟೆಯನ್ನು ಎಲೆಯ ಮೇಲಿಟ್ಟಳು. “ಆವತ್ತು ನಂಗೇನು ಹೇಳ್ಬೇಕು ತಿಳೀಲಿಲ್ಲ, ಬು. ಬಾಯಿಗೆ ಬಂದ ಮಾತು ಅಂದುಬಿಟ್ಟೆ. ಅವರು ದಿನಾ ಬಂದ್ರು. ಆ ಸಾಲಿನ ಮಾತಿಗೆ ಬರ್ತಿದ್ದಾರೋ, ನನ್ನ ಮಾತಿಗೆ ಬರ್ತಿದ್ದಾರೋ, ಇಲ್ಲಾ ಬರ್ದೇ ಇದ್ರೆ ನಂಗೆ ಬೇಜಾರಾಗುತ್ತೆ ಅಂತ ಮರ್ಯಾದೆಗೆ ಬರ್ತಿದ್ದಾರೋ? ಅವರನ್ನ ಕೇಳಿದ್ರೆ ಏನಂತಾರೆ ಹೇಳಿ.”

ಏನನ್ನುತ್ತಾನೆ ಎಂದು ನನಗೂ ಗೊತ್ತಿತ್ತು. ಎರಡು ತಿಂಗಳಿಂದ ಒಂದೇ ಬೆಂಚಿನ ಎರಡು ಕಡೆ ಕೂತು ಇಬ್ಬರೂ ಒಂದೇ ಲೆಕ್ಕ ಬಿಡಿಸುತ್ತಿದ್ದರು.

ಒಂಬತ್ತರ ಹೊತ್ತಿಗೆ ಪೊನಿಜೊ ಓಣಿಯ ತಿರುವಿನಲ್ಲಿ ಕಾಣಿಸಿದ. ಬಾತಿಕ್ ಅಂಗಿಯಿಲ್ಲ, ತಲೆ ಬಾಚಿರಲಿಲ್ಲ. ಮೀಸೆ ಬೋಳಿಸಿದ್ದ. ಕ್ಷೌರದವನಿಗೆ ಬೇಡ ಅಂದನಂತೆ. ಬೆಂಚಿನ ಹತ್ತಿರ ಬಂದು ನಿಂತ, ಕೂರಲಿಲ್ಲ.

“ತೆಲಾಸ್, ಮಾಸ್,” ಎಂದಳು ವಾರ್ಸಿನಿ. ಕೈ ಮಾತ್ರ ಎಲೆಗೆ ಅನ್ನ ಬಡಿಸುತ್ತಿತ್ತು.

“ಗೊತ್ತು,” ಎಂದ. “ಆರಕ್ಕೆ ಬನ್ನಿ ಅನ್ನೋದು ಸಾಲು. ಅದಕ್ಕೇ ಇವತ್ತು ಆರಕ್ಕೆ ಬರ್ಲಿಲ್ಲ. ಮುಗಿದ ಮೇಲೆ ಬಂದೆ.”

ಇಬ್ಬರೂ ಸುಮ್ಮನಾದರು. ಇನ್ನೊಂದು ಎರಡು ತಿಂಗಳು ಹೀಗೇ ಸುಮ್ಮನಿರುವ ತಾಕತ್ತು ಇಬ್ಬರಿಗೂ ಇತ್ತು. ನನಗೆ ಇರಲಿಲ್ಲ.

“ಯು,” ಎಂದೆ ನಾನು, ಮೀನು ಸಂತೆಯ ದನಿಯಲ್ಲಿ. “ಈ ಮನುಷ್ಯ ಆ ಮಂಗಳವಾರ ನಿಮ್ಮನ್ನೊಂದು ಮಾತು ಕೇಳಿದ್ರು. ಅದಕ್ಕೆ ನಿಮ್ಮ ಉತ್ತರ ಹೇಳಿ. ಗುಂಡಿ ಒತ್ತೋ ಹಾಗಿಲ್ಲ.”

ವಾರ್ಸಿನಿ ಎಲೆಯನ್ನು ಅವನ ಮುಂದಿಟ್ಟಳು. ತಲೆ ಎತ್ತಲಿಲ್ಲ.

“ಇಂಗಿಹ್,” ಎಂದಳು.

ಪೊನಿಜೊ ನನ್ನ ಕಡೆ ತಿರುಗಿದ. ಕಿವಿಯ ತುದಿ ಕೆಂಪಾಗಿತ್ತು. ಗುಂಯ್ ಅನ್ನುತ್ತಿದ್ದಿರಬೇಕು, ಏನೂ ಕೇಳಿಸಿರಲಿಲ್ಲ ಅವನಿಗೆ. ಹುಟ್ಟಿದಂದಿನಿಂದ ಆ ಮಾತನ್ನೇ ಉಸಿರಾಡಿದವನು, ಅದರ ಅರ್ಥಕ್ಕಾಗಿ ಸುರಬಾಯದವಳ ಮುಖ ನೋಡುತ್ತಿದ್ದ.

“ಬು,” ಎಂದ ಮೆಲ್ಲಗೆ, “ಉದ್ದದ್ದಾ?”

“ಗಿಡ್ಡದ್ದು, ಮಾಸ್,” ಎಂದೆ. “ಕೂತ್ಕೊಂಡು ಊಟ ಮಾಡಿ.”